ಏಳನೇ ವಾರ್ಡಿನ ನಾಲಿಗೆಗಳು

ನಲ್ಲಿಗಳಿಗೆ ನಾಲಿಗೆ ಬಂದ ಮೇಲೆ ಬಿಳಿಕಲ್ಲೂರಿನಲ್ಲಿ ಮನುಷ್ಯರ ನಾಲಿಗೆಗೆ ಕವಡೆ ಕಿಮ್ಮತ್ತಿಲ್ಲದಂತಾಯಿತು.

ಇದು ಎರಡು ಸಾವಿರದ ನಲವತ್ತೊಂದನೆಯ ಇಸವಿಯ ಮಾತು. ಊರಿನ ಪ್ರತಿಯೊಂದು ನಲ್ಲಿಯ ಕತ್ತಿನಲ್ಲೂ ಜಲಮಂಡಳಿಯವರು ಹೆಬ್ಬೆರಳ ಗಾತ್ರದ ಒಂದು ಯಂತ್ರ ಕೂರಿಸಿದ್ದರು. ಕಾಗದಪತ್ರದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು. ಜನ ಅದನ್ನು ನಾಲಿಗೆ ಎಂದು ಕರೆದು ಕೈತೊಳೆದುಕೊಂಡರು. ಹಾದುಹೋಗುವ ನೀರಿನ ರುಚಿ ನೋಡುವುದು ಅದರ ಕೆಲಸ. ನೀರು ಚೆನ್ನಾಗಿದ್ದರೆ 'ಸರಿ' ಎಂಬ ಒಂದೇ ಮಾತಿನ ಸಂದೇಶವನ್ನು ಕಂಟ್ರೋಲ್ ರೂಮಿಗೆ ಕಳಿಸುತ್ತಿತ್ತು. ಕೆಟ್ಟಿದ್ದರೆ ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ, ಯಾವ ಕ್ರಿಮಿ, ಯಾವ ಲೋಹ ಎಂದು ಉದ್ದನೆಯ ಪಟ್ಟಿಯನ್ನೇ ಕಳಿಸುತ್ತಿತ್ತು. ತಲುಪಿತು ಎಂಬ ಉತ್ತರ ಬರುವ ತನಕ ಆ ಪಟ್ಟಿಯನ್ನು ತನ್ನೊಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತಿತ್ತು. ಯಂತ್ರಕ್ಕೆ ಅಷ್ಟು ನಿಯತ್ತಿತ್ತು.

ಮೊದಲ ವರ್ಷ ನಲ್ಲಿಯ ಮೇಲಿನ ಪುಟ್ಟ ದೀಪ ತಾನಾಗಿಯೇ ಕೆಂಪಾಗುತ್ತಿತ್ತು. ಕೆಂಪಾದ ಕೂಡಲೇ ಜನ ಕೊಡ ಹಿಡಿದು ಮಂಡಳಿಯ ಗೇಟಿಗೆ ಬರುತ್ತಿದ್ದರು. ಸಾಹೇಬರಿಗೆ ಇದು ಸರಿಬರಲಿಲ್ಲ. ಇನ್ನು ಮೇಲೆ ಕಂಟ್ರೋಲ್ ರೂಮು ಹೇಳಿದರೆ ಮಾತ್ರ ದೀಪ ಕೆಂಪಾಗತಕ್ಕದ್ದು, ಹೇಳುವ ತನಕ ಹಸಿರಾಗಿಯೇ ಇರತಕ್ಕದ್ದು ಎಂದು ಆದೇಶವಾಯಿತು. ಬಾಯಲ್ಲಿ ಹೇಳುವ ದೂರಿನ ಕಿಟಕಿಗೆ ಬೀಗ ಬಿತ್ತು. ನೀರು ನಾರುತ್ತಿದೆ ಎಂದು ಯಾರಾದರೂ ಬಂದರೆ, ನಾಲಿಗೆ ಕಳಿಸಿದ ಸಂದೇಶದ ಸಂಖ್ಯೆ ಏನು ಎಂದು ಕೇಳುವ ಪದ್ಧತಿ ಬಂತು.

ಭೂಮಿಕಾ ಹನ್ನೊಂದು ವರ್ಷದಿಂದ ಆ ಕಂಟ್ರೋಲ್ ರೂಮಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಆ ಕೋಣೆಯೆಂದರೆ ಅವಳಿಗೆ ಇತ್ತೀಚೆಗೆ ಅಸಹ್ಯ ಹುಟ್ಟಿಬಿಟ್ಟಿತ್ತು. ಗೋಡೆ ತುಂಬ ಊರಿನ ನಕ್ಷೆ, ನಕ್ಷೆ ತುಂಬ ನಲವತ್ತು ಸಾವಿರ ಹಸಿರು ಚುಕ್ಕೆ, ಗಾಳಿಯಲ್ಲಿ ಡಬ್ಬಿಯಿಂದ ಸಿಂಪಡಿಸಿದ ಮಲ್ಲಿಗೆಯ ವಾಸನೆ. ಬಾಗಿಲ ಮೇಲೆ 'ಶೂನ್ಯ ದೋಷ ಕೇಂದ್ರ' ಎಂಬ ಪ್ರಶಸ್ತಿ ಫಲಕ. ಅದರ ಕೆಳಗೆ ಹಲ್ಲು ಕಿರಿದು ನಿಂತ ಸಿಬ್ಬಂದಿಯ ಫೋಟೋ, ಅದರಲ್ಲಿ ಅವಳೂ ಇದ್ದಳು.

ಏಳನೇ ವಾರ್ಡಿನ ಅಂಗನವಾಡಿಯಲ್ಲಿ ಮೂರು ವಾರದಲ್ಲಿ ಹದಿನೇಳು ಮಕ್ಕಳಿಗೆ ಕಾಮಾಲೆಯಾಗಿತ್ತು. ಅಲ್ಲಿಯ ಕಾರ್ಯಕರ್ತೆ ಪುಷ್ಪಲತಾ, ಭೂಮಿಕಾಳ ಸ್ವಂತ ಅಕ್ಕ. ನೀರು ಹದಿನಾಲ್ಕು ತಿಂಗಳಿಂದ ಹಸಿರು ಎಂದು ಮಂಡಳಿ ಬರೆದುಕೊಟ್ಟಿತ್ತು. ಹಾಗಾದರೆ ತಪ್ಪು ಕಾರ್ಯಕರ್ತೆಯ ಕೊಳಕು ಕೈಯದೇ ಎಂದು ಇಲಾಖೆ ತೀರ್ಮಾನಕ್ಕೆ ಬಂದು, ವಿಚಾರಣೆ ಇಟ್ಟಿತ್ತು. ಅದು ಆ ದಿನ ಮಧ್ಯಾಹ್ನ ಮೂರಕ್ಕೆ. ತಪ್ಪು ಸಾಬೀತಾದರೆ ಕೆಲಸ ಹೋಗುವುದಲ್ಲದೆ ಪೊಲೀಸ್ ಕೇಸೂ ಆಗುವುದಿತ್ತು.

ಬೆಳಗ್ಗೆ ಎಂಟಕ್ಕೆ ಭೂಮಿಕಾ ಅದೇ ವಾರ್ಡಿನಲ್ಲಿದ್ದ ಅಕ್ಕನ ಮನೆಗೆ ಹೋದಳು. ಏಳೆಂಟು ತಿಂಗಳಿಂದ ಆ ಕಡೆ ತಲೆ ಹಾಕಿರಲಿಲ್ಲ. ಅಕ್ಕ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಅಂಗನವಾಡಿಯ ಪಾತ್ರೆಗಳನ್ನು ಉಜ್ಜುತ್ತಿದ್ದಳು. ಅಂಗನವಾಡಿಗೆ ಬೀಗ ಹಾಕಿ ಹತ್ತು ದಿನವಾಗಿತ್ತು. ಆದರೂ ಹುಣಸೆಹಣ್ಣು ಹಾಕಿ, ಬೂದಿ ಹಾಕಿ, ಸೋಪು ಹಾಕಿ ಉಜ್ಜಿದ್ದನ್ನೇ ಉಜ್ಜುತ್ತಿದ್ದಳು. ಅಂಗೈ ಚರ್ಮ ಒಡೆದು ಕೆಂಪಗಾಗಿತ್ತು.

"ಬಿಡಕ್ಕ, ಎಷ್ಟು ಉಜ್ತೀಯ?" ಎಂದಳು ಭೂಮಿಕಾ.

"ನನ್ ಕೈಯಲ್ಲೇ ಏನೋ ಇದೆ ಕಣೇ ಭೂಮಿ," ಎಂದಳು ಅಕ್ಕ, ತಲೆಯೆತ್ತದೆ. "ಹದಿನೆಂಟು ವರ್ಷದಿಂದ ಮಕ್ಕಳಿಗೆ ಬಡಿಸ್ತಿದೀನಿ. ಉಗುರು ಕತ್ತರಿಸ್ಕೊಂಡೆ, ಬಳೆ ತೆಗೆದಿಟ್ಟೆ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಾನೇ ಇಲ್ಲ."

ಭೂಮಿಕಾ ಕೈ ತೊಳೆಯಲು ನಲ್ಲಿ ತಿರುಗಿಸಿದಳು. ನೀರು ಬಿತ್ತು, ಹಿಂದೆಯೇ ವಾಸನೆ ಬಂತು. ಕಟ್ಟಿಕೊಂಡ ಮೋರಿಗೆ ಕೋಲು ಹಾಕಿದಾಗ ಏಳುವ ವಾಸನೆ. ಬೆರಳಿಗೆ ಏನೋ ಜಾರುಜಾರಾಗಿ ಅಂಟಿತು. ನಲ್ಲಿಯ ಮೇಲೆ ದೀಪ ಎಳೆ ಹಸಿರಾಗಿ, ಏನೂ ಅರಿಯದ ಹಾಗೆ ಉರಿಯುತ್ತಿತ್ತು.

"ಅಕ್ಕಾ, ಇದು ನಾರ್ತಿದೆಯಲ್ಲೇ! ನಿಂಗೆ ವಾಸನೆ ಬರಲ್ವಾ?"

"ಬರುತ್ತೆ. ಆದ್ರೆ ದೀಪ ಹಸಿರಿದೆಯಲ್ಲ. ನಿಮ್ಮ ಆಫೀಸಿನೋರು ನೋಡ್ತಾನೇ ಇರ್ತಾರೆ, ನೀನು ಬೇರೆ ಅಲ್ಲೇ ಇದೀಯ. ಜ್ವರ ಬಂದು ಹೋದ ಮೇಲೆ ನನ್ನ ಮೂಗೇ ಕೆಟ್ಟಿರ್ಬೇಕು ಅಂದ್ಕೊಂಡೆ."

ಭೂಮಿಕಾ ಮೋರಿಯ ಹತ್ತಿರ ಹೋಗಿ ಬಗ್ಗಿ ನಿಂತಳು. ಬೆಳಗಿನ ಕಾಫಿಯೆಲ್ಲ ಹೊರಗೆ ಬಂತು. ಯಂತ್ರದ ಮೇಲೆ, ಮಂಡಳಿಯ ಮೇಲೆ ಸಿಟ್ಟು ಬಂತು ನಿಜ. ಆದರೆ ತನ್ನ ಮೂಗನ್ನು ತಾನೇ ನಂಬದ ಹಾಗೆ ಅಕ್ಕನನ್ನು ಮಾಡಿದ್ದು ನೆನೆದಾಗ ಬಂದದ್ದು ಸಿಟ್ಟಲ್ಲ, ಹೇಸಿಗೆ. ಬಾಯಿ ತೊಳೆದುಕೊಳ್ಳಲು ಆ ಮನೆಯಲ್ಲಿ ಬೇರೆ ನೀರಿರಲಿಲ್ಲ. ಸೆರಗಿನಿಂದಲೇ ಒರೆಸಿಕೊಂಡು ಹೊರಟಳು.

ವಾರ್ಡಿನ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಬುಡದಲ್ಲಿ, ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ ಇದೆ. ವಾರ್ಡಿನ ಎಲ್ಲ ನಾಲಿಗೆಗಳ ಮಾತೂ ಇದರ ಮೂಲಕವೇ ಗುಡ್ಡದ ಟವರಿಗೆ ಹೋಗಿ, ಅಲ್ಲಿಂದ ಕಂಟ್ರೋಲ್ ರೂಮು ಸೇರಬೇಕು. ಪೆಟ್ಟಿಗೆಯ ಬಾಗಿಲು ಕಾಯುವ ತಂತ್ರಾಂಶಕ್ಕೆ ಫೈರ್‌ವಾಲ್ ಎಂದು ಹೆಸರು. ನೀರುಗಂಟಿ ಇಮ್ತಿಯಾಜ್ ಬೀಗ ತೆಗೆದುಕೊಟ್ಟ.

"ಪೈಪು ಮೋರಿ ಒಳಗೇ ಮಲಗಿದೆ ಮೇಡಂ," ಎಂದ ಅವನು. "ಮೊನ್ನೆ ವಾಲ್ವ್ ಬಿಚ್ಚಿದ್ರೆ ಕೂದಲು, ಲೋಳೆ, ಇಷ್ಟುದ್ದ ಜೊಂಡು ಬಂತು. ಹೋಗಿ ಹೇಳ್ದೆ. ಸಂದೇಶದ ಸಂಖ್ಯೆ ತಗೊಂಬಾ ಅಂದ್ರು. ಲೋಳೆಗೆಲ್ಲಿ ಸಂಖ್ಯೆ ತರ್ಲಿ?"

"ಯಾರು ಹಂಗಂದಿದ್ದು ಭಾಯ್?"

"ನಿಮ್ಮ ರೂಮಿನೋರೇ."

ಭೂಮಿಕಾ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿದಳು. ಅಕ್ಕನ ಮನೆಯ ನಾಲಿಗೆಯ ಹೆಸರಿನಲ್ಲಿ ಒಂದು ಚುಟುಕು ಸಂದೇಶ ಕಳಿಸಿದಳು. ತಕ್ಷಣ ತಲುಪಿತು. ಉದ್ದನೆಯದನ್ನು ಕಳಿಸಿದಳು. ಉತ್ತರವಿಲ್ಲ. ಇನ್ನೊಮ್ಮೆ ಕಳಿಸಿದಳು, ಆಗಲೂ ಇಲ್ಲ. ಅಳತೆಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋದಳು. ಒಂದು ಗಾತ್ರದ ತನಕ ಎಲ್ಲವೂ ತಲುಪುತ್ತಿದ್ದವು. ಅದಕ್ಕಿಂತ ಒಂದು ಕೂದಲೆಳೆ ದಪ್ಪವಾದರೂ ಮಾಯ. ದಾಖಲೆಯಲ್ಲಿ ಒಂದು ದೋಷವೂ ಕಾಣಲಿಲ್ಲ.

ಹಾಗಾದರೆ ದಾರಿಯಲ್ಲಿ ಎಲ್ಲೋ ಬಾಗಿಲು ಕಿರಿದಾಗಿದೆ. ಎಲ್ಲಿ ಎಂದು ಹುಡುಕಲು ಕಷ್ಟವಾಗಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಗುಡ್ಡದ ಟವರಿನಲ್ಲಿ ಭದ್ರತೆಗೆಂದು ಪ್ರತಿ ಸಂದೇಶದ ಮೇಲೂ ಇನ್ನೊಂದು ಲಕೋಟೆ ಹಾಕುವ ಹೊಸ ಏರ್ಪಾಡು ಮಾಡಿದ್ದರು. ಮೇಲಿನ ಲಕೋಟೆ ಜಾಗ ತಿಂದದ್ದರಿಂದ ಒಳಗಿನ ಕಾಗದಕ್ಕೆ ಜಾಗ ಕಡಿಮೆಯಾಗಿತ್ತು. ಇದೇನೂ ಮಹಾ ತೊಂದರೆಯಲ್ಲ. ದಪ್ಪ ಕಾಗದ ಬಂದರೆ ಟವರು ಅದನ್ನು ಕಳಿಸಿದವರಿಗೇ ಒಂದು ಚೀಟಿ ಬರೆಯುತ್ತದೆ: ಇದು ನಮ್ಮಲ್ಲಿ ಹಿಡಿಸುವುದಿಲ್ಲ, ತುಂಡು ಮಾಡಿ ಕಳಿಸಿ. ನಾಲಿಗೆ ಚೀಟಿ ಓದಿಕೊಂಡು ತುಂಡು ಮಾಡಿ ಕಳಿಸುತ್ತದೆ. ಅಲ್ಲಿಗೆ ಮುಗಿಯಿತು.

ಭೂಮಿಕಾ ಲ್ಯಾಪ್‌ಟಾಪಿನಿಂದಲೇ ಪೆಟ್ಟಿಗೆಯ ಹೊರಬದಿಗೆ ಕಿವಿಯಿಟ್ಟು ನೋಡಿದಳು. ಟವರಿನ ಚೀಟಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು. ಒಳಬದಿಗೆ ಕಿವಿಯಿಟ್ಟಳು. ಅಲ್ಲಿ ಸದ್ದೇ ಇಲ್ಲ. ಚೀಟಿಗಳು ಬಾಗಿಲ ತನಕ ಬಂದು ಬಾಗಿಲಲ್ಲೇ ಸಾಯುತ್ತಿದ್ದವು.

"ಏನಾಗಿದೆ ಮೇಡಂ?" ಎಂದ ಇಮ್ತಿಯಾಜ್.

"ಈ ಪೆಟ್ಟಿಗೆ ಹತ್ರ ಒಂದು ವಹಿ ಇರುತ್ತೆ ಭಾಯ್. ಒಳಗಿನಿಂದ ಯಾರು ಯಾರಿಗೆ ಮಾತು ಶುರು ಮಾಡಿದ್ರು ಅಂತ ಬರ್ಕೊಂಡಿರುತ್ತೆ. ಹೊರಗಿಂದ ಬಂದಿದ್ದು ಆ ಮಾತಿಗೆ ಉತ್ತರ ಆಗಿದ್ರೆ ಬಿಡುತ್ತೆ, ಇಲ್ದಿದ್ರೆ ಬಿಸಾಕುತ್ತೆ. ಈ ಚೀಟಿ ಉತ್ತರ ಅಲ್ಲ. ಮಾತು ಆಡ್ತಿದ್ದಿದ್ದು ನಾಲಿಗೆಗೂ ಕಂಟ್ರೋಲ್ ರೂಮಿಗೂ. ಚೀಟಿ ಬರೆದಿದ್ದು ಮಧ್ಯದ ಟವರು."

"ಮೂರನೆಯವನು."

"ಹೂಂ. ಆದ್ರೆ ಚೀಟಿ ಒಳಗೆ ನಮ್ಮದೇ ಕಾಗದದ ಮೇಲ್ಭಾಗ ಹರಿದು ಅಂಟಿಸಿರ್ತಾನೆ. ಬಿಚ್ಚಿ ನೋಡಿದ್ರೆ, ಓ ಇದು ಇಂಥ ಮನೆಯ ಸಂದೇಶದ ವಿಷಯ ಅಂತ ವಹಿಯಲ್ಲಿ ಸಿಗುತ್ತೆ. ಬಿಚ್ಚಿ ನೋಡ್ಬೇಕು, ಅಷ್ಟೇ."

"ಯಾಕೆ ನೋಡ್ತಿಲ್ಲ?"

ಅದನ್ನೇ ಅವಳೂ ನೋಡಹೊರಟಿದ್ದಳು. ಫೈರ್‌ವಾಲಿನ ನಿಯಮಗಳ ಪಟ್ಟಿ ತೆರೆದಳು. ಪ್ರತಿ ನಿಯಮದ ಮುಂದೆ ಅದು ಎಷ್ಟು ಸಲ ಕೆಲಸ ಮಾಡಿದೆ ಎಂಬ ಲೆಕ್ಕವಿರುತ್ತದೆ. ಆರನೆಯ ಸಾಲು: ನೇರ ಉತ್ತರವಲ್ಲದ ಯಾವುದನ್ನೂ ಬಿಚ್ಚದೆ, ದಾಖಲಿಸದೆ, ಸದ್ದಿಲ್ಲದೆ ಬಿಸಾಡು. ಅದರ ಮುಂದೆ ಮೂರು ಲಕ್ಷದ ಹನ್ನೆರಡು ಸಾವಿರ ಚಿಲ್ಲರೆ ಎಂದಿತ್ತು. ಪಕ್ಕದಲ್ಲಿ ನಿಯಮ ಬರೆದ ತಾರೀಖು, ಬರೆದವರ ಹೆಸರು.

ಹೆಸರು ಭೂಮಿಕಾ ಎಂದಿತ್ತು.

ಅವಳಿಗೆ ಎಲ್ಲ ನೆನಪಾಯಿತು. ಹೊಸ ಲಕೋಟೆಯ ಏರ್ಪಾಡಾದ ವಾರವೇ ಚೀಟಿಗಳು ಸುರಿಯತೊಡಗಿ, ಗೋಡೆಯ ಪರದೆಯ ಮೂಲೆಯಲ್ಲಿ ಕೆಂಪಕ್ಷರ ಓಡಿತ್ತು. ಪ್ರಶಸ್ತಿ ಸಮಿತಿಯವರು ಮರುದಿನ ಬರುವವರಿದ್ದರು. ನಿರ್ದೇಶಕ ಪಂಚಾಕ್ಷರಿ ಅವಳ ಕುರ್ಚಿಯ ಹಿಂದೆ ಬಂದು ನಿಂತು, ಇದೇನಮ್ಮ ಇದು, ತೆಗಿ ಎಂದಿದ್ದರು. ಆ ಮನುಷ್ಯ ಮಂಡಳಿಯ ಟಪಾಲು ವಿಭಾಗದಲ್ಲಿ ಇಪ್ಪತ್ತು ವರ್ಷ ಆವಕ ಪುಸ್ತಕ ಬರೆದು ಮೇಲೆ ಬಂದವರು. ಹಿಂದಿನ ಪತ್ರದ ಉಲ್ಲೇಖ ಸಂಖ್ಯೆ ಇಲ್ಲದ ಕಾಗದವನ್ನೂ, ಒಬ್ಬರ ವಿಷಯಕ್ಕೆ ಇನ್ನೊಬ್ಬರು ಬರೆದ ಅರ್ಜಿಯನ್ನೂ ಲಕೋಟೆ ಬಿಚ್ಚದೆ ಕಸದ ಬುಟ್ಟಿಗೆ ಹಾಕುವುದು ಆ ವಿಭಾಗದ ರೂಢಿ. ಅವರು ತಮ್ಮ ಆ ರೂಢಿಯನ್ನು ಫೈರ್‌ವಾಲಿಗೂ ಹೇಳಿಕೊಟ್ಟರು. ತಪ್ಪೆಂದು ಭೂಮಿಕಾಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಳು. ಮನೆಗೆ ಹೋಗುವ ಹೊತ್ತಾಗಿತ್ತು, ನಾಳೆ ತೆಗೆದರಾಯಿತು ಎಂದುಕೊಂಡಿದ್ದಳು. ಸಮಿತಿ ಬಂತು, ಪ್ರಶಸ್ತಿ ಬಂತು, ಫೋಟೋ ತೆಗೆಸಿಕೊಂಡರು. ನಾಳೆ ಬರಲೇ ಇಲ್ಲ.

ಒಳ್ಳೆಯ ಸುದ್ದಿ ಚುಟುಕಾದ್ದರಿಂದ ತಲುಪುತ್ತಿತ್ತು. ಕೆಟ್ಟ ಸುದ್ದಿ ಉದ್ದವಾದ್ದರಿಂದ ಸಾಯುತ್ತಿತ್ತು. ಇಂಥದ್ದೊಂದು ಊರನ್ನು ತಾನೇ ಕಟ್ಟಿಟ್ಟಿದ್ದೇನೆ ಎಂದು ಅವಳಿಗೆ ತನ್ನ ಕೈಬೆರಳು ನೋಡಿಕೊಳ್ಳಲೂ ಅಸಹ್ಯವಾಯಿತು.

ಕಂಟ್ರೋಲ್ ರೂಮಿಗೆ ಬಂದಾಗ ಮಧ್ಯಾಹ್ನ ಒಂದೂವರೆ. ಪಂಚಾಕ್ಷರಿ ಊಟದ ಡಬ್ಬಿ ಮುಚ್ಚಿ, ಕ್ಯಾನಿನ ನೀರಿನಲ್ಲಿ ಕೈ ತೊಳೆಯುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ಸರಿ ಮಾಡೋಣಮ್ಮ. ಯಾರು ಬೇಡ ಅಂದ್ರು? ಮಕ್ಕಳ ವಿಷಯ," ಎಂದರು. "ಆದ್ರೆ ಕ್ರಮ ಅಂತ ಒಂದಿದೆ. ಎರಡು ಗಂಟೆಗೆ ಎಲ್ಲ ನಾಲಿಗೆಗಳಿಗೂ ಹೊಸ ತಂತ್ರಾಂಶ ಹಾಕಿಸ್ತಿದೀನಿ. ಎಲ್ಲಾ ಒಂದ್ಸಲ ಆಫ್ ಆಗಿ ಆನ್ ಆಗ್ಲಿ. ಆಮೇಲೆ ನಿನ್ನ ಆರನೇ ಸಾಲು ತೆಗೆದುಬಿಡು. ಇವತ್ತಿಂದ ಹೊಸ ಲೆಕ್ಕ."

"ಆಫ್ ಆದ್ರೆ ಅವುಗಳ ನೆನಪು ಅಳಿಸಿ ಹೋಗುತ್ತೆ ಸರ್. ತಲುಪದೇ ಇರೋ ಸಂದೇಶ ಎಲ್ಲ ಇನ್ನೂ ಅವುಗಳ ಹತ್ರಾನೇ ಇದೆ. ಹದಿನಾಲ್ಕು ತಿಂಗಳದ್ದು."

"ಅದನ್ನ ಇಟ್ಕೊಂಡು ಏನ್ಮಾಡ್ತೀಯ? ಹಳೇ ಟಪಾಲು."

"ಮೂರು ಗಂಟೆಗೆ ನಮ್ಮಕ್ಕನ ವಿಚಾರಣೆ ಇದೆ ಸರ್."

"ಗೊತ್ತು. ಪಾಪ, ಕೆಲಸದಿಂದ ತೆಗೀದಂಗೆ ನಾನೇ ಇಲಾಖೆಗೆ ಒಂದು ಮಾತು ಹೇಳ್ತೀನಿ." ಪಂಚಾಕ್ಷರಿ ದನಿ ತಗ್ಗಿಸಿದರು. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಆ ಸಾಲಿನ ಪಕ್ಕ ಯಾರ ಹೆಸರಿದೆ ನೋಡ್ದೆಯಲ್ಲ? ನಾನು ಹೇಳಿದ್ದು ಯಾವ ಕಡತದಲ್ಲಾದ್ರೂ ಇದೆಯಾ?"

ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಭೂಮಿಕಾ ಆ ಮುಖವನ್ನು ನೋಡಿದಳು. ಅದರಲ್ಲಿ ಕೆಡುಕಿರಲಿಲ್ಲ, ಊಟ ಮುಗಿಸಿದ ತೃಪ್ತಿಯಿತ್ತು. ಹಲ್ಲಿನ ಸಂದಿಯಲ್ಲಿ ಒಂದು ಸೊಪ್ಪಿನ ಚೂರು ಸಿಕ್ಕಿಕೊಂಡಿತ್ತು. ಹನ್ನೊಂದು ವರ್ಷ ಈ ಮನುಷ್ಯನಿಗೆ ದಿನಕ್ಕೆರಡು ಸಲ ನಮಸ್ಕಾರ ಹೇಳಿದೆನಲ್ಲ ಎಂದುಕೊಂಡಳು.

"ಯೋಚನೆ ಮಾಡು," ಎಂದು ಅವರು ಡಬ್ಬಿ ಎತ್ತಿಕೊಂಡು ಹೊರಗೆ ಹೋದರು. ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು.

ಭೂಮಿಕಾ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದರೆ ಬುದ್ಧಿ ಬರುತ್ತದೆ ಎಂದು ಅವಳಿಗೆ ಹೆದರಿಕೆಯಿತ್ತು. ಕುರ್ಚಿ ಎಳೆದುಕೊಂಡು ಕೂತಳು. ಎಲ್ಲ ವಾರ್ಡಿನ ಪೆಟ್ಟಿಗೆಗಳಲ್ಲೂ ಆರನೆಯ ಸಾಲು ಅಳಿಸಿದಳು. ಆ ಜಾಗದಲ್ಲಿ, ಚೀಟಿ ಬಂದರೆ ಬಿಚ್ಚಿ ಒಳಗಿನ ತುಣುಕನ್ನು ವಹಿಯಲ್ಲಿ ಹುಡುಕು, ಸಿಕ್ಕರೆ ಆ ಮನೆಗೆ ತಲುಪಿಸು ಎಂದು ಬರೆದಳು. ಬರೆಯುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಏಳನೇ ವಾರ್ಡಿನಲ್ಲಿ ಒಂದು ಚುಕ್ಕೆ ಕೆಂಪಾಯಿತು. ಅದರ ಪಕ್ಕ ಇನ್ನೊಂದು. ನಾಲಿಗೆಗಳು ಚೀಟಿ ಓದಿಕೊಂಡು, ಹದಿನಾಲ್ಕು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ತುಂಡು ತುಂಡಾಗಿ ಕಕ್ಕತೊಡಗಿದವು. ಬೀದಿಗೆ ಬೀದಿಯೇ ಕೆಂಪಾಯಿತು. ಏಳು ಮುಗಿದು ಹನ್ನೊಂದಕ್ಕೆ, ಹನ್ನೊಂದು ಮುಗಿದು ಹದಿನಾರಕ್ಕೆ ಹರಡಿತು. ಮಲ, ಸೀಸ, ಕ್ರಿಮಿ, ಚರಂಡಿ ಸೋಪಿನ ನೊರೆ, ಎಲ್ಲಕ್ಕೂ ದಿನಾಂಕ, ಎಲ್ಲಕ್ಕೂ ಮನೆ ನಂಬರು, ಮತ್ತೆ ಮತ್ತೆ ಬಂದವು. ಪಂಚಾಕ್ಷರಿ ಓಡಿ ಬರುವ ಹೊತ್ತಿಗೆ ಕೋಣೆಯ ಗೋಡೆ ಕಸಾಯಿಖಾನೆಯ ನೆಲದ ಹಾಗಿತ್ತು. ಅವರು ಏನೋ ಕೂಗಿದರು. ಭೂಮಿಕಾ ಅಚ್ಚಾಗುತ್ತಿದ್ದ ಹಾಳೆಗಳನ್ನು ಬಾಚಿಕೊಂಡು ಹೊರಟುಹೋದಳು.

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಅಂಗನವಾಡಿಯ ನಲ್ಲಿಯೊಂದೇ ಇನ್ನೂರು ಸಂದೇಶ ಇಟ್ಟುಕೊಂಡಿತ್ತು. ಇಲಾಖೆಯ ಅಧಿಕಾರಿ ಮೊದಲ ನಾಲ್ಕು ಹಾಳೆ ಓದಿ, ಮುಂದಿನದನ್ನು ಓದಲಾಗದೆ ಎದುರಿಗಿದ್ದ ನೀರಿನ ಲೋಟವನ್ನು ದೂರ ಸರಿಸಿದರು. ಪುಷ್ಪಲತಾ ದೋಷಮುಕ್ತಳು ಎಂದು ಬರೆಸಿದರು. ನಿಯಮ ಬರೆದವರು ಯಾರು ಎಂದು ಕೇಳಿದರು. ಮಂಡಳಿಯ ಪರವಾಗಿ ಬಂದಿದ್ದವರು, ಲಿಖಿತ ಆದೇಶವಿಲ್ಲದೆ ಒಬ್ಬ ಸಿಬ್ಬಂದಿ ಮಾಡಿದ ಕೆಲಸ ಎಂದರು. ಭೂಮಿಕಾ ಎದ್ದು ನಿಂತು, ಬರೆದದ್ದು ನಾನೇ, ಬರೆಸಿದ್ದು ಪಂಚಾಕ್ಷರಿಯವರು ಎಂದಳು. ಮೊದಲ ಅರ್ಧವನ್ನು ಮಾತ್ರ ಗುಮಾಸ್ತ ಬರೆದುಕೊಂಡ. ಸಂಜೆಯೊಳಗೆ ಅವಳ ಅಮಾನತಿನ ಕಾಗದ ಬಂತು. ಅವಳಿಗೆ ಅದರಿಂದ ದುಃಖವೇನೂ ಆಗಲಿಲ್ಲ. ಅಕ್ಕ ಉಳಿದುಕೊಂಡಳು, ಅದೊಂದು ಸಾಕು ಎಂದುಕೊಂಡಳು.

ಹೊಸ ಪೈಪು ಹಾಕಲು ಒಂದು ತಿಂಗಳು ಹಿಡಿಯಿತು. ಅಂಗನವಾಡಿಯ ಬೀಗ ತೆಗೆದ ದಿನ ಅಮಾನತಿನಲ್ಲಿದ್ದ ಭೂಮಿಕಾ ಬೆಳಗ್ಗೆಯೇ ಅಲ್ಲಿಗೆ ಹೋಗಿ ನೆಲ ಸಾರಿಸಿಕೊಟ್ಟಳು. ನೀರನ್ನು ತಾನೇ ಮೂಸಿ, ತಾನೇ ಕುಡಿದು ನೋಡಿದಳು. ಸಿಹಿಯಾಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಇಳಿದುಹೋಗಿದ್ದರು. ಎರಡು ವಾರ ಆಸ್ಪತ್ರೆಯಲ್ಲಿದ್ದ ಚುಕ್ಕಿ ಎಂಬ ನಾಲ್ಕು ವರ್ಷದ ಹುಡುಗಿಯ ಫ್ರಾಕು ಹೆಗಲಿನಿಂದ ಜಾರುತ್ತಿತ್ತು. ಅಮ್ಮಂದಿರು ಬಾಗಿಲಲ್ಲಿ ನಿಂತು, ನಿಮ್ಮದೇನೂ ತಪ್ಪಿಲ್ಲ ಬಿಡಿ ಮಿಸ್ಸೇ, ನಮಗೆ ಮೊದಲೇ ಗೊತ್ತಿತ್ತು ಎಂದು ಹೇಳಿ ಹೋದರು. ಅಕ್ಕ ತಲೆಯಾಡಿಸಿದಳು.

ಹಾಡು ಮುಗಿಯಿತು, ಎಣಿಕೆ ಮುಗಿಯಿತು. ಅಕ್ಕ ಸ್ಟೀಲಿನ ಜಗ್ಗು, ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು.

"ನೀರು ಕುಡಿಯೋ ಹೊತ್ತು," ಎಂದಳು.

ಮಕ್ಕಳು ಗಲಾಟೆ ನಿಲ್ಲಿಸಿ ಗೋಡೆಗುಂಟ ಸಾಲಾಗಿ ನಿಂತರು. ಯಾರೂ ತಳ್ಳಾಡಲಿಲ್ಲ. ಮೊದಲಿಗೆ ಚುಕ್ಕಿ, ಅವಳ ಹಿಂದೆ ಉಳಿದವರು, ಎಲ್ಲರೂ ಎಡಗೈಯ ಎರಡು ಬೆರಳಿನಿಂದ ತಂತಮ್ಮ ಮೂಗನ್ನು ಬಿಗಿಯಾಗಿ ಹಿಡಿದುಕೊಂಡರು. ಕಣ್ಣು ಮುಚ್ಚಿದರು. ಬಾಯಿ ಅಗಲಿಸಿ, ಕತ್ತು ಮೇಲೆತ್ತಿ, ಲೋಟಕ್ಕಾಗಿ ಕಾದು ನಿಂತರು.

ಭೂಮಿಕಾಗೆ ಮೊದಲು ಆಟವೆನಿಸಿತು. ಆಮೇಲೆ ಅಲ್ಲವೆಂದು ತಿಳಿಯಿತು.

"ಯಾರಕ್ಕ ಇದನ್ನ ಕಲಿಸಿದ್ದು ಇವಕ್ಕೆ?"

ಅಕ್ಕ ತಟ್ಟೆಯನ್ನು ನೆಲದ ಮೇಲೆ ಇಟ್ಟಳು.

"ಒಂದೂ ಕುಡೀತಿರ್ಲಿಲ್ಲ ಕಣೇ," ಎಂದಳು ಅಕ್ಕ. "ಮಿಸ್ಸೇ ವಾಸ್ನೆ, ಮಿಸ್ಸೇ ಛೀ ಅಂತ ಉಗಿಯೋವು. ಬೈದೆ, ಕೇಳ್ಲಿಲ್ಲ. ಹಿಂಗೆ ಮೂಗು ಹಿಡ್ಕೊಂಡ್ರೆ ಗೊತ್ತಾಗಲ್ಲ, ಗಟಗಟ ಕುಡಿದುಬಿಡ್ಬೇಕು ಅಂತ ನಾನೇ ಹೇಳ್ಕೊಟ್ಟೆ. ಈ ಚುಕ್ಕಿ ಬಾಯೇ ತೆಗೀತಿರ್ಲಿಲ್ಲ. ಇವಳಿಗೆ ಮಾತ್ರ ನಾನೇ ಹಿಡಿದು ಕುಡಿಸ್ತಿದ್ದೆ."

ಚುಕ್ಕಿ ಒಂದು ಕಣ್ಣು ತೆರೆದು ನೋಡಿದಳು. ಮಿಸ್ಸು ಇನ್ನೂ ನೀರು ಕೊಟ್ಟಿರಲಿಲ್ಲ. ತಾನು ಸರಿಯಾಗಿ ಹಿಡಿದುಕೊಂಡಿಲ್ಲವೇನೋ ಎಂದು, ಮೂಗನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು.